ಮೂವತ್ತೊಂದನೇ ನಂಬರಿನ ಮೂಗಿನ ಬಗ್ಗೆ ಫುಟ್‌ಬಾಲ್ ಲೀಗಿನ ಅಧ್ಯಕ್ಷರಿಗೆ

ಪರಮ ಮಾನ್ಯರೇ,

ಸಾಂಕ್ರಾಮಿಕ ರೋಗವೊಂದು ಊರಿನ ಶಾಲೆ, ಸಿನಿಮಾ ಮಂದಿರ, ಗ್ರಂಥಾಲಯ, ಕೊನೆಗೆ ಕ್ಷೌರದ ಅಂಗಡಿಯನ್ನೂ ಮುಚ್ಚಿಸಿದ ಈ ದಿನಗಳಲ್ಲಿ ಫುಟ್‌ಬಾಲ್ ಒಂದಕ್ಕೆ ಮಾತ್ರ ಬೀಗ ಬೀಳದಂತೆ ಎದೆಯೊಡ್ಡಿ ನಿಂತಿರುವ ತಮಗೆ, ಮೈದಾನದ ಉತ್ತರ ಬಾಗಿಲಿನ ಎದುರಿಗೇ ಲಾಂಡ್ರಿ ಇಟ್ಟುಕೊಂಡು ತಮ್ಮ ಲೀಗಿನ ತಂಡವೊಂದರ ಕೆಸರು ತೊಳೆಯುತ್ತ ಬಂದಿರುವ ಈ ಬಡಪಾಯಿಯ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ಟಿವಿ ನೋಡಿ ತಿಳಿದು ಸಂತೋಷವಾಯಿತು. ಕೂದಲನ್ನು ಬಹಳ ಚೆನ್ನಾಗಿ ಕತ್ತರಿಸಿಕೊಂಡಿದ್ದೀರಿ, ಎಲ್ಲಿ ಎಂದು ಕೇಳುವಷ್ಟು ಅವಿವೇಕಿ ನಾನಲ್ಲ. ನಾವೂ ಈಗ ಕ್ಷೇಮ. ಮೊನ್ನೆ ಮೊನ್ನೆಯವರೆಗೆ ಇರಲಿಲ್ಲ, ಅದರ ಕಥೆಯನ್ನು ತಮ್ಮ ಅವಗಾಹನೆಗೆ ತರಲೆಂದೇ ಈ ಪತ್ರ.

ಕಳೆದ ವಾರ ತಾವು ಹತ್ತಾರು ಮೈಕುಗಳ ಮುಂದೆ ಕೂತು ಒಂದು ಘೋಷಣೆ ಮಾಡಿದಿರಿ. ಮೂವತ್ತೊಂದನೇ ನಂಬರಿನ ಆಟಗಾರನಿಗೆ ಸೋಂಕು ತಗಲಿರಲೇ ಇಲ್ಲ, ಪರೀಕ್ಷೆಯ ಯಂತ್ರ ತಪ್ಪು ಮಾಡಿತ್ತು, ಅದನ್ನು ನಂಬಿ ಎರಡು ವಾರ ಲೀಗ್ ನಿಲ್ಲಿಸಿದ್ದು ಶುದ್ಧ ಅವಿವೇಕ, ಇನ್ನು ಮುಂದೆ ಆಕಾಶ ಕಳಚಿ ಬಿದ್ದರೂ ವೃತ್ತಿಪರ ಫುಟ್‌ಬಾಲ್ ನಿಲ್ಲುವುದಿಲ್ಲ ಎಂದಿರಿ. ಮಾನ್ಯರೇ, ಬಾಯಿಲ್ಲದ ಆ ಯಂತ್ರದ ಪರವಾಗಿ ನಾನು ಕೈಮುಗಿದು ಆಕ್ಷೇಪಿಸುತ್ತೇನೆ. ಯಂತ್ರ ಕೂದಲೆಳೆಯಷ್ಟೂ ತಪ್ಪು ಮಾಡಿರಲಿಲ್ಲ. ಅದಕ್ಕೆ ಕೊಟ್ಟ ಮೂಗು ಬೇರೆಯಾಗಿತ್ತು, ಆ ಮೂಗು ನನ್ನ ಹೆಂಡತಿಯದು.

ಇಷ್ಟು ಓದಿ ತಾವು ನನ್ನನ್ನು ಆಟದ ವೈರಿಯೆಂದು ತಿಳಿಯಬಾರದು. ತಮ್ಮವರು ಕೆಸರಲ್ಲಿ ಬಿದ್ದೆದ್ದರೇ ನಮ್ಮ ಒಲೆ ಉರಿಯುವುದು. ಆಟ ನಿಲ್ಲಬೇಕೋ ಬೇಡವೋ ಎಂದು ಟಿವಿಯಲ್ಲಿ ಕೋಟು ತೊಟ್ಟ ದೊಡ್ಡವರು ಕಿತ್ತಾಡುವುದನ್ನು ನೋಡಿದ್ದೇನೆ. ಅದೇ ಚರ್ಚೆ ನಮ್ಮ ಮನೆಯಲ್ಲಿ ಕೋಟಿಲ್ಲದೆ ನಡೆಯುತ್ತದೆ. ನನ್ನ ತಾಯಿ ಉಬ್ಬಸದವಳು, ಆಟ ನಡೆಯಲೇಬೇಕೆನ್ನುವ ಪಕ್ಷ. ಹೊಸಿಲು ದಾಟಬೇಡ ಎಂದು ಕೂರಿಸಿದ ಮೇಲೆ ಟಿವಿಯಲ್ಲಿ ಓಡುವ ಆ ಒಂದು ಚೆಂಡನ್ನೂ ಕಿತ್ತುಕೊಂಡರೆ ತಾನೇನು ಗೋಡೆ ನೋಡಿಕೊಂಡು ಕೂರಬೇಕೇ ಎಂಬುದು ಆಕೆಯ ವಾದ. ನನ್ನ ಹೆಂಡತಿ ಆಸ್ಪತ್ರೆಯ ಸೋಂಕಿನ ವಾರ್ಡಿನಲ್ಲಿ ನರ್ಸ್. ಮೈತುಂಬ ಪ್ಲಾಸ್ಟಿಕ್ ಸುತ್ತಿಕೊಂಡು ಬೆವೆತು ಮನೆಗೆ ಬಂದವಳ ಕಣ್ಣಿಗೆ, ಒಂದು ಗೋಲಾಯಿತೆಂದು ಹನ್ನೊಂದು ಗಂಡಸರು ಒಬ್ಬರ ಮೇಲೊಬ್ಬರು ಬಿದ್ದು ಮುದ್ದಾಡುವುದು ಕಂಡರೆ ಮೈಯೆಲ್ಲ ಉರಿಯುತ್ತದೆ. ನಾನು ಯಾರ ಪಕ್ಷವೆಂದರೆ, ಆ ಹೊತ್ತಿಗೆ ಊಟ ಬಡಿಸುತ್ತಿರುವವರ ಪಕ್ಷ.

ಈಗ ಮೂಗಿನ ವಿಷಯಕ್ಕೆ ಬರುತ್ತೇನೆ. ವಾರ್ಡಿನಿಂದ ಬಂದವಳು ಮುಂಬಾಗಿಲಿಗೆ ಕಾಲಿಡುವುದಿಲ್ಲ. ಹಿಂದುಗಡೆ, ಬಟ್ಟೆ ಕುದಿಸುವ ದೊಡ್ಡ ಹಂಡೆಯಿರುವ ಕೋಣೆಯಲ್ಲಿ ಉಟ್ಟದ್ದನ್ನೆಲ್ಲ ಕಳಚಿ ಹಂಡೆಗೆ ಹಾಕಿ, ಸ್ನಾನ ಮಾಡಿ, ತಂತಿಯ ಮೇಲೆ ಕೈಗೆ ಸಿಕ್ಕ ಒಣಗಿದ ಬಟ್ಟೆ ತೊಟ್ಟು ಒಳಗೆ ಬರುವುದು ನಮ್ಮ ಮನೆಯಲ್ಲಿ ರೂಢಿಯಾಗಿದೆ. ಲಾಂಡ್ರಿಯವನ ಸ್ವಂತ ಬಟ್ಟೆ ಊರವರ ಬಟ್ಟೆಯೆಲ್ಲ ಮುಗಿದ ಮೇಲೆಯೇ ನೀರು ಕಾಣುವುದರಿಂದ, ಕೈಗೆ ಸಿಗುವುದು ಹೆಚ್ಚಾಗಿ ತಮ್ಮ ಆಟಗಾರರ ಜೆರ್ಸಿಗಳೇ. ಅದರಲ್ಲೂ ಅವಳಿಗೆ ಮೆಚ್ಚಿಗೆಯಾದದ್ದು ಮೂವತ್ತೊಂದನೇ ನಂಬರಿನದು. ಅದರ ಒಡೆಯ ಮೀಸಲು ಗೋಲ್‌ಕೀಪರ್. ತಂಡ ಸೇರಿದಂದಿನಿಂದ ಒಂದು ಪಂದ್ಯವನ್ನೂ ಆಡದೆ ಬೆಂಚು ಕಾಯುತ್ತ ಬಂದವನು. ಹಾಗಾಗಿ ಇಡೀ ತಂಡದಲ್ಲಿ ಕಲೆಯಿಲ್ಲದ ಅಂಗಿ ಅದೊಂದೇ.

ಒಂದು ಬೆಳಿಗ್ಗೆ ಅವಳು ಬ್ಲೀಚಿಂಗ್ ಪುಡಿಯ ಡಬ್ಬದೊಳಗೆ ಮೂಗಿಟ್ಟು, ಇದರಲ್ಲಿ ವಾಸನೆಯೇ ಇಲ್ಲ, ಅಂಗಡಿಯವನು ಸುಣ್ಣ ಕೊಟ್ಟಿದ್ದಾನೆ ಎಂದಳು. ಡಬ್ಬವನ್ನು ಅಷ್ಟು ದೂರದಿಂದ ನೋಡಿಯೇ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು, ಮಾನ್ಯರೇ. ವಾಸನೆ ತಿಳಿಯದಿರುವುದೇ ಈ ರೋಗದ ಮೊದಲ ಗುರುತೆಂದು ಊರಿಗೆಲ್ಲ ಗೊತ್ತಿತ್ತು. ಆಸ್ಪತ್ರೆಯಲ್ಲಿ ಕೇಳಿದರೆ, ಪರೀಕ್ಷೆಯ ಕಡ್ಡಿಗಳ ಅಭಾವವಿದೆ, ಸರದಿ ಬಂದಾಗ ಕರೆಯುತ್ತೇವೆ, ವರದಿಯಿಲ್ಲದೆ ರಜೆಯಿಲ್ಲ ಎಂದರು. ನಮಗಿರುವುದು ಮಲಗಲು ಒಂದೇ ಕೋಣೆ. ನಡುರಾತ್ರಿ ತಾಯಿಗೆ ಉಬ್ಬಸ ಏರಿದರೆ ಎದ್ದು ಬೆನ್ನು ಒತ್ತಿ ಔಷಧಿ ಎಳೆಸುವುದು ಇದೇ ಸೊಸೆ. ಈ ರೋಗ ಆ ಎದೆಯೊಳಗೆ ಹೊಕ್ಕರೆ ತಾಯಿ ಉಳಿಯುವುದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ನಿನ್ನ ತಂಗಿಯ ಮನೆಗೆ ಹೋಗಿರಮ್ಮ ಎಂದು ತಾಯಿಯನ್ನು ಗೋಗರೆದೆ. ಪುಡಿಗೆ ವಾಸನೆ ಇಲ್ಲವೆಂದು ಮನೆ ಬಿಟ್ಟು ಹೋಗುವುದಕ್ಕೆ ತನಗೇನು ತಲೆ ಕೆಟ್ಟಿದೆಯೇ, ಖಾತ್ರಿ ತೋರಿಸಿದರೆ ಹೋಗುತ್ತೇನೆ ಎಂದು ಆಕೆ ಪಟ್ಟು ಹಿಡಿದು ಕೂತಳು.

ಖಾತ್ರಿ ನಮ್ಮ ಬಾಗಿಲೆದುರಿಗೇ ನಿಂತಿತ್ತು. ತಮ್ಮ ಆಟಗಾರರ ಮೂಗುಗಳನ್ನು ವಾರಕ್ಕೆ ಮೂರು ಸಲ ಪರೀಕ್ಷಿಸುವ ಆ ಬಿಳಿ ವ್ಯಾನ್! ಎಡಗಾಲಿನ ಮುಂಚೂಣಿ ಆಟಗಾರ ಒಮ್ಮೆ ಸೀನಿದರೆ ಕಡ್ಡಿ ಹಿಡಿದು ಓಡಿ ಬರುವ ಅದರ ಶ್ರದ್ಧೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನದೊಂದು ಮೂಗಿಗೂ ಕಡ್ಡಿ ಹಾಕುತ್ತೀರಾ ಎಂದು ಕೇಳಿ ಬರೋಣವೆಂದು ನನ್ನ ಹೆಂಡತಿ ಮಾಸ್ಕು ಕಟ್ಟಿ, ತಲೆಗೆ ಟೋಪಿ ಹಾಕಿ ರಸ್ತೆ ದಾಟಿದಳು. ಮೈಮೇಲಿದ್ದದ್ದು ಯಾವ ಅಂಗಿಯೆಂದು ಅವಳಿಗೆ ನೆನಪಿರಲಿಲ್ಲ. ವ್ಯಾನಿನವನಿಗೋ ಅಡಿಯಿಂದ ಮುಡಿವರೆಗೆ ಪ್ಲಾಸ್ಟಿಕ್, ಕನ್ನಡಕದ ಮೇಲೆಲ್ಲ ಮಂಜು. ಅವನಿಗೆ ಕಾಣುವುದು ಎದೆಯ ಮೇಲಿನ ನಂಬರೊಂದೇ, ಅವನು ಕೂಗುವುದೂ ನಂಬರನ್ನೇ. ಗೋಲ್‌ಕೀಪರ್ ಎಂದರೆ ಆರಡಿ ಮೇಲೆ ನಾಲ್ಕು ಬೆರಳು ಇರುವವನು, ನನ್ನ ಹೆಂಡತಿ ನನ್ನ ಭುಜಕ್ಕೂ ಬರುವುದಿಲ್ಲ ಎಂಬುದು ಆ ಮಂಜಿನಲ್ಲಿ ಕರಗಿಹೋಯಿತು. ಅವಳು ವಿಷಯ ಹೇಳಲು ಮಾಸ್ಕು ಕೆಳಗೆಳೆದು ಬಾಯಿ ತೆರೆದಳು, ಅವನು ಗಂಟಲಿಗೆ ಕಡ್ಡಿ ಇಳಿಸಿದ. ಆಕ್ಷೇಪಿಸಲು ತಲೆ ಎತ್ತಿದಳು, ಮೂಗಿಗೆ ಇಳಿಸಿದ. ಮುಂದಿನವರು ಬನ್ನಿ ಎಂದ. ಆಮೇಲೆ ನಿಧಾನವಾಗಿ ಬಂದ ನಿಜವಾದ ಮೂವತ್ತೊಂದಕ್ಕೆ ನಿಂದು ಆಯ್ತಲ್ಲಪ್ಪ ಎಂದನಂತೆ. ಮೂಗಿಗೆ ಕಡ್ಡಿ ಹಾಕಿಸಿಕೊಳ್ಳಲು ಯಾರು ತಾನೇ ವಾದ ಮಾಡುತ್ತಾರೆ, ಅವನು ತೆಪ್ಪಗೆ ಹೋದ.

ಮರುದಿನ ಸಂಜೆ ಕ್ರೀಡಾ ವಾರ್ತೆಯಲ್ಲಿ ಕೆಂಪು ಪಟ್ಟಿ ಓಡಿತು. ಮೂವತ್ತೊಂದನೇ ನಂಬರಿನ ಆಟಗಾರನಿಗೆ ಸೋಂಕು, ಲೀಗ್ ಸ್ಥಗಿತ. ನನ್ನ ತಾಯಿ, ಪಾಪ ಆ ಮಗುವಿಗೆ ಯಾರ ಕಣ್ಣು ಬಿತ್ತೋ ಎಂದು ಲೊಚಗುಟ್ಟಿದಳು. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಎರಡು ಹೆಜ್ಜೆ ಹಿಂದಕ್ಕೆ ಸರಿದಳು.

"ಅತ್ತೆ, ಅದು ಆ ಹುಡುಗಂದಲ್ಲ, ನಂದು. ನೀವು ಈಗ್ಲೇ ಹೊರಡಿ."

ಹೆತ್ತ ಮಗನ ಮಾತನ್ನು ಒಂದು ದಿನವೂ ಕಿವಿಗೆ ಹಾಕಿಕೊಳ್ಳದ ತಾಯಿ ಆ ಕೆಂಪು ಪಟ್ಟಿಯನ್ನು ಮರುಮಾತಿಲ್ಲದೆ ನಂಬಿದಳು. ಅರ್ಧ ಗಂಟೆಯಲ್ಲಿ ಚೀಲ ಕಟ್ಟಿ ಹೊರಟವಳು ತಂಗಿಯ ಬೀದಿಯಲ್ಲೆಲ್ಲ, ಲೀಗ್ ನಿಲ್ಲಿಸಿದ್ದು ತನ್ನ ಸೊಸೆಯೇ ಎಂದು ಟಾಂ ಟಾಂ ಮಾಡಿದಳಂತೆ. ಹಂಡೆಯ ಕೋಣೆಯಲ್ಲೇ ಹಾಸಿಗೆ ಹಾಕಿಕೊಂಡಿದ್ದ ಹೆಂಡತಿಗೆ ಮೂರನೆಯ ದಿನ ಜ್ವರ ಏರಿತು. ಹಂಡೆಯ ಕೋಣೆಯ ಬಾಗಿಲಾಚೆ ಕೂತು ಅವಳ ಕೆಮ್ಮು ಕೇಳುವುದು ಹೇಗಿರುತ್ತದೆಂದು ತಮಗೆ ಬರೆದು ತಿಳಿಸಲಾರೆ. ನಾನು ಹೆದರಿ ಸತ್ತುಹೋಗಿದ್ದೆ. ಈಗ ಗುಣವಾಗಿದ್ದಾಳೆ. ತಾಯಿಗೆ ಏನೂ ತಗಲಲಿಲ್ಲ. ವಾಪಸು ಬಂದು, ತಂಗಿ ಮಾಡುವ ಸಾರಿನ ಬಗ್ಗೆ ಬಯ್ಯುತ್ತ ಸುಖವಾಗಿದ್ದಾಳೆ.

ಆದ್ದರಿಂದ, ಮಾನ್ಯರೇ, ತಾವು ಅವಿವೇಕವೆಂದು ಕರೆದ ಆ ಎರಡು ವಾರಗಳಷ್ಟು ವಿವೇಕದ ಕೆಲಸ ತಮ್ಮ ಅಧ್ಯಕ್ಷಗಿರಿಯಲ್ಲಿ ಇನ್ನೊಂದು ನಡೆದಿಲ್ಲ ಎಂದು ಮನಃಪೂರ್ವಕ ಅಭಿನಂದಿಸುತ್ತೇನೆ. ಊರಿಗಿರುವುದು ಒಂದೇ ಲ್ಯಾಬು. ಫುಟ್‌ಬಾಲ್ ಮೂಗುಗಳ ರಾಶಿ ಅಲ್ಲಿಂದ ಕರಗಿದ ಕೂಡಲೇ ವಾರಗಟ್ಟಲೆ ಬಾರದಿದ್ದ ಆಸ್ಪತ್ರೆಯ ವರದಿಗಳು ಮರುದಿನವೇ ಬರತೊಡಗಿದವು. ಆಟಗಾರರಿಂದ ಉಳಿದ ಕಡ್ಡಿಗಳಲ್ಲಿ ಇಡೀ ವಾರ್ಡಿನವರ ಪರೀಕ್ಷೆಯಾಯಿತು. ಏನೂ ಗೊತ್ತಿಲ್ಲದೆ ರೋಗಿಗಳ ನಡುವೆ ಓಡಾಡಿಕೊಂಡಿದ್ದ ಇಬ್ಬರು ನರ್ಸುಗಳನ್ನೂ ಅಡುಗೆಯವನನ್ನೂ ಮನೆಗೆ ಕಳಿಸಿ ಮಲಗಿಸಿದರು. ಮತ್ತೆ ಲೀಗ್ ಶುರುವಾಯಿತು, ವರದಿಗಳು ಮತ್ತೆ ಸಾಲಿನಲ್ಲಿ ನಿಂತಿವೆ.

ನಿಜ ಹೇಳಿಬಿಡೋಣವೆಂದು ನಾನು ತಮ್ಮ ಸಹಾಯವಾಣಿಗೆ ಫೋನು ಮಾಡದೆ ಇರಲಿಲ್ಲ. ಸೋಂಕು ಬಂದಿರುವುದು ನನ್ನ ಹೆಂಡತಿಗೆ ಎಂದೆ. ಮೂವತ್ತೊಂದನೇ ನಂಬರಿನ ಮೇಲಿನ ನಿಮ್ಮ ಅಭಿಮಾನ ದೊಡ್ಡದು ಎಂದು ಆ ಕಡೆಯ ಹುಡುಗಿ ಭಾವುಕಳಾಗಿ, ಅವನ ಹಸ್ತಾಕ್ಷರವಿರುವ ಫೋಟೋ ಕಳಿಸಿಕೊಟ್ಟಳು. ಅದು ನಮ್ಮ ಇಸ್ತ್ರಿ ಮೇಜಿನ ಮೇಲೆ ನೇತಾಡುತ್ತಿದೆ.

ನನಗೆ ಪಾಪವೆನಿಸುವುದು ಆ ಮೂವತ್ತೊಂದನೇ ನಂಬರಿನವನನ್ನು ನೆನೆದಾಗ ಮಾತ್ರ. ಮೊದಲ ಗೋಲ್‌ಕೀಪರನ ಬೆರಳು ಉಳುಕಿತ್ತು. ಆ ಭಾನುವಾರ ಇವನು ಮೊಟ್ಟಮೊದಲ ಸಲ ಆಡಬೇಕಿತ್ತು. ಕಲ್ಲುಗುಂಡಿನಂತಿದ್ದ ಆ ಯುವಕ, ಬೇರೆಯವರ ಮೂಗಿನ ದೆಸೆಯಿಂದ, ಹೋಟೆಲಿನ ಮುಚ್ಚಿದ ಕೋಣೆಯಲ್ಲಿ ಕೂತ. ಇವನಿಗೆ ರೋಗವೇ ಬಂದಿರಲಿಲ್ಲವೆಂದು ರಕ್ತಪರೀಕ್ಷೆಯಲ್ಲಿ ತಿಳಿದು ಹೊರಬರುವ ಹೊತ್ತಿಗೆ ಆ ಇನ್ನೊಬ್ಬನ ಬೆರಳು ಸರಿಹೋಗಿತ್ತು. ಅವನ ಅಂಗಿ ಮತ್ತೆ ಕಲೆಯಿಲ್ಲದೆ ನನ್ನ ಕೈಗೆ ಬರುತ್ತಿದೆ.

ಇನ್ನು ನನ್ನ ವಿನಂತಿ. ಆಟವನ್ನು ನಿಲ್ಲಿಸಿ ಎಂದು ಕೇಳುವಷ್ಟು ದೊಡ್ಡ ಬಾಯಿ ನನಗಿಲ್ಲ, ನಿಲ್ಲಿಸಬೇಡಿ ಎನ್ನುವಷ್ಟು ಧೈರ್ಯ ಹೆಂಡತಿಯ ಎದುರು ಇಲ್ಲ. ಬದಲಿಗೆ, ಆಸ್ಪತ್ರೆಯ ನರ್ಸುಗಳೆಲ್ಲರನ್ನೂ ತಾವು ದಯಮಾಡಿ ಮೀಸಲು ಗೋಲ್‌ಕೀಪರ್‌ಗಳೆಂದು ತಂಡಕ್ಕೆ ಸೇರಿಸಿಕೊಳ್ಳಬೇಕು. ಅವರನ್ನು ಆಡಿಸಬೇಕಾಗಿಲ್ಲ. ಬೆಂಚು ಕೊಡಬೇಕಾಗಿಲ್ಲ, ಅವರಿಗೆ ಕೂತು ಅಭ್ಯಾಸವಿಲ್ಲ. ವಾರಕ್ಕೆ ಮೂರು ಸಲ ಮೂಗಿಗೊಂದು ಕಡ್ಡಿ ಸಿಕ್ಕರೆ ಧಾರಾಳವಾಯಿತು. ಅದೂ ಕಷ್ಟವೆಂದಾದರೆ, ಮುಂದಿನ ಸಲ ತಮಗೆ ಜ್ವರ ಬಂದಾಗ ಆರೈಕೆಗೆ ತಮ್ಮ ಮುಂಚೂಣಿ ಆಟಗಾರರನ್ನೇ ಕರೆಸಿಕೊಳ್ಳಬೇಕಾಗಿ ಪ್ರಾರ್ಥನೆ. ಅವರ ಮೂಗುಗಳಂತೂ ಖಾತ್ರಿಯಾಗಿ ಶುದ್ಧವಾಗಿವೆ.

ಹೆಚ್ಚಿಗೆ ಬರೆದು ತಮ್ಮ ಅಮೂಲ್ಯ ಸಮಯವನ್ನು ಕೊಳೆ ಮಾಡಲಾರೆ. ತಮ್ಮ ಕೋಟುಗಳು ಯಾವಾಗ ಬೇಕಾದರೂ ಬರಲಿ, ನೆರಿಗೆ ಕೆಡದಂತೆ ಇಸ್ತ್ರಿ ಮಾಡಿಕೊಡುತ್ತೇನೆ.

ಇಂತು, ಸಾಬೂನಿನ ಕೈಯಲ್ಲೇ ನಮಸ್ಕರಿಸುವ,
ತಮ್ಮ ವಿಶ್ವಾಸಿ,
ಉತ್ತರ ಬಾಗಿಲಿನ ಎದುರಿನ ಲಾಂಡ್ರಿಯವನು

ಮರೆತ ಮಾತು: ನಿನ್ನೆ ಸಂಜೆ ಮೂವತ್ತೊಂದನೇ ನಂಬರಿನವನು ಬಟ್ಟೆಗೆಂದು ಅಂಗಡಿಗೆ ಬಂದಿದ್ದ. ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ. ಅವನು ಬಟ್ಟೆಯನ್ನೂ ತೆಗೆದುಕೊಳ್ಳದೆ ಎದ್ದು ಹೋದ. ನನ್ನ ಗಿರಾಕಿ ಕೈತಪ್ಪಿತು ಎಂದುಕೊಂಡೆ. ಕತ್ತಲಾಗುವಾಗ ದೊಡ್ಡ ಚೀಲವೊಂದನ್ನು ಹೆಗಲ ಮೇಲೆ ಹೊತ್ತು ಮತ್ತೆ ಬಂದು ನನ್ನ ಹೆಂಡತಿಯ ಮುಂದೆ ಇಳಿಸಿದ. "ಅಕ್ಕಾ, ಕ್ಲಬ್ಬಿನ ಗೋದಾಮಿನಲ್ಲಿ ನನ್ನ ಜೆರ್ಸಿ ಕೊಳ್ಳೋರಿಲ್ದೆ ರಾಶಿ ಬಿದ್ದಿತ್ತು. ವಾರ್ಡಲ್ಲಿ ಎಲ್ಲರಿಗೂ ಹಂಚಿ" ಎಂದ. ಹಾಗಾಗಿ ಬರುವ ಸೋಮವಾರ ಬೆಳಿಗ್ಗೆ ಬಿಳಿ ವ್ಯಾನಿನ ಮುಂದೆ ಮೂವತ್ತೊಂದನೇ ನಂಬರಿನವರ ಸಾಲು ಆಸ್ಪತ್ರೆಯ ಗೇಟಿನವರೆಗೂ ಕಂಡರೆ ತಾವು ಗಾಬರಿಯಾಗಬಾರದು, ಲೀಗನ್ನೂ ನಿಲ್ಲಿಸಬಾರದು. ಕಡ್ಡಿಗಳನ್ನು ಮಾತ್ರ ಸ್ವಲ್ಪ ಹೆಚ್ಚಿಗೆ ತರಲು ಹೇಳಬೇಕು.