ಅನುಮೋದಿತ ಮಾತು

ಬುದ್ಧಿಬೆಳವಣಿಗೆ ನಿಧಾನವಿರುವವರು ಮತ್ತು ಆಟಿಸಂ ಇರುವವರು ವಾಸಿಸುವ ನಿಲಯಗಳ ತಪಾಸಣೆಯನ್ನು ಆ ನಿಲಯವಾಸಿಗಳ ಹಿತಕ್ಕಾಗಿಯೇ ನಡೆಸಲಾಗುತ್ತದೆ. ಆದುದರಿಂದ ಅವರನ್ನು ಮಾತನಾಡಿಸಿ ತೊಂದರೆ ಕೊಡತಕ್ಕದ್ದಲ್ಲ ಎಂಬುದು ನಮ್ಮ ತಪಾಸಣಾ ಇಲಾಖೆಯ ಒಂದನೇ ನಿಯಮ. ಎರಡನೇ ನಿಯಮ ಅನಿರೀಕ್ಷಿತ ತಪಾಸಣೆಯದು. ಇಂಥವರಿಗೆ ದಿಢೀರ್ ಬದಲಾವಣೆ ಆಗಿಬರುವುದಿಲ್ಲವೆಂದು ವೈದ್ಯರು ಹೇಳಿದ್ದಾರೆ. ಹಾಗಾಗಿ ಅನಿರೀಕ್ಷಿತವಾಗಿ ಬರುವ ದಿನ, ಗಂಟೆ ಮತ್ತು ಸಾಹೇಬರಿಗೆ ಒಗ್ಗುವ ತಿಂಡಿಯನ್ನು ಎರಡು ವಾರ ಮುಂಚೆಯೇ ನಿಲಯಕ್ಕೆ ತಿಳಿಸಲಾಗುತ್ತದೆ. ಇದನ್ನು ಕೇಳಿ ಕೆಲವರು ನಗುತ್ತಾರೆ. ನಗಲಿ, ಅವರಪ್ಪನ ಮನೆ ಗಂಟೇನು ಹೋಗುತ್ತದೆ! ನಿಯಮ ಗೊತ್ತಿರುವ ನಾನು ಕೆಲಸಕ್ಕೆ ಸೇರಿದಾಗಿನಿಂದ ನಕ್ಕಿಲ್ಲ.

ನಾನು ಈ ಇಲಾಖೆಯ ಗುಮಾಸ್ತ. ತಪಾಸಣಾಧಿಕಾರಿಗಳ, ಅಂದರೆ ನಮ್ಮ ಸಾಹೇಬರ ಚೀಲ ಹೊರುವುದು, ಅವರು ಬರೆಯೆಂದದ್ದನ್ನು ಬರೆಯುವುದು, ಬೇಡವೆಂದದ್ದನ್ನು ಮರೆಯುವುದು ನನ್ನ ಕೆಲಸ. ಮರೆಯುವುದರಲ್ಲಿ ನನ್ನನ್ನು ಮೀರಿಸುವವರು ಇಲಾಖೆಯಲ್ಲಿಲ್ಲ.

ಆ ಸಲ ನಾವು ಹೋದದ್ದು ಬಸ್ ಡಿಪೋ ಹಿಂದಿನ ಮೂರಂತಸ್ತಿನ ನಿಲಯಕ್ಕೆ. ಒಬ್ಬ ಹೆಂಗಸು ದೂರು ಕೊಟ್ಟಿದ್ದಳು. ಬಟ್ಟೆ ಕಾರ್ಖಾನೆಯಲ್ಲಿ ಶರ್ಟಿಗೆ ಕಾಲರು ಹೊಲಿಯುವವಳು. ಅವಳ ತಮ್ಮ ಅಲ್ಲಿದ್ದಾನೆ. ಮೂವತ್ತರ ಆಳು, ಆಟಿಸಂ. ತಾನಾಗಿ ಒಂದು ಮಾತು ಕಟ್ಟುವುದಿಲ್ಲ. ಕೇಳಿದ ಮಾತನ್ನು ಕೇಳಿದ ದನಿಯಲ್ಲೇ, ಕೆಮ್ಮು ಸೀನಿನ ಸಮೇತ, ಹಾಗೆಹಾಗೇ ಒಪ್ಪಿಸುತ್ತಾನೆ. ಅದಕ್ಕೇ ನಿಲಯದವರು ಅವನಿಗೆ ರೇಡಿಯೋ ಎಂದು ಹೆಸರಿಟ್ಟಿದ್ದರು. ತಮ್ಮನನ್ನು ಉಪವಾಸ ಕೆಡವುತ್ತಾರೆ, ಕೂಡಿಹಾಕುತ್ತಾರೆ, ಅವನನ್ನು ಬೇರೆ ನಿಲಯಕ್ಕೆ ಸೇರಿಸಿ ಎಂಬುದು ಅಕ್ಕನ ಬೇಡಿಕೆ. ನಿಲಯದ ತಪ್ಪು ಸಾಬೀತಾದರೆ ಮಾತ್ರ ಬೇರೆ ನಿಲಯ, ಇಲ್ಲವಾದರೆ ಇಲ್ಲ. ತಪ್ಪು ಹುಡುಕುವವರು ನಾವು. ಇಷ್ಟು ವರ್ಷದಲ್ಲಿ ನಮಗೆ ಒಂದೂ ಸಿಕ್ಕಿಲ್ಲವೆಂದರೆ ನಿಲಯಗಳ ಗುಣಮಟ್ಟವನ್ನು ನೀವೇ ಊಹಿಸಿಕೊಳ್ಳಿ.

ಗೇಟಿನಲ್ಲೇ ಫಿನಾಯಿಲ್ ವಾಸನೆ ಮೂಗಿಗೆ ಬಡಿಯಿತು. ಶುಚಿತ್ವಕ್ಕೆ ಪೂರ್ಣ ಅಂಕ ಅಲ್ಲಿಯೇ ಬಿತ್ತು. ಕಿಟಕಿಗಳಿಗೆ ಹೊಸ ಪರದೆ, ಅಂಗಡಿಯ ಬೆಲೆಚೀಟಿ ಇನ್ನೂ ನೇತಾಡುತ್ತಿತ್ತು. ಇದನ್ನು ಪಾರದರ್ಶಕತೆ ಎಂದು ಪರಿಗಣಿಸಿದೆವು. ಊಟದ ಕೋಣೆಯಲ್ಲಿ ವಾರದ ಊಟದ ವಿವರ ಬರೆದ ಹಲಗೆ ಇತ್ತು. ಹಲಗೆ ಇದೆಯೇ ಎಂಬುದಷ್ಟೇ ನಮ್ಮ ಪ್ರಶ್ನೆ. ಊಟ ಇದೆಯೇ ಎಂದು ಕೇಳುವ ಅಧಿಕಾರ ನಮಗಿಲ್ಲ.

ನಿಲಯವಾಸಿಗಳು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಗಳನ್ನು ತೊಡೆಯ ಮೇಲಿಟ್ಟು ಸಾಲಾಗಿ ಕೂತಿದ್ದರು. ಅಕ್ಕ ಗೋಡೆಗೊರಗಿ ನಿಂತಿದ್ದಳು. ನಿಲಯದ ಮೇಲ್ವಿಚಾರಕಿ ನಮ್ಮ ಸಾಹೇಬರ ಮುಂದೆ ಹುರಿದ ಗೋಡಂಬಿಯ ತಟ್ಟೆ ಇಟ್ಟರು. ಸಾಹೇಬರು ಮೊದಲನೆಯದನ್ನು ಎತ್ತಿಕೊಂಡಿದ್ದರಷ್ಟೇ, ರೇಡಿಯೋ ಎದ್ದು ನಿಂತ. ಕಿವಿಯ ಬಳಿ ಬೆರಳು ಪಟಪಟ ಆಡಿಸುತ್ತಾ ಮೇಲ್ವಿಚಾರಕಿಯ ದನಿಯಲ್ಲೇ ಶುರುಮಾಡಿದ.

"ಏಯ್, ಮತ್ತೆ ಒದ್ದೆ ಮಾಡ್ಕೊಂಡ್ಯಾ? ಹಂಗೇ ಬಿದ್ದಿರು. ಇವತ್ತು ಇವನಿಗೆ ಊಟ ಇಲ್ಲ. ಕೂಗಿದ್ರೆ ಮೆಟ್ಟಿಲ ಕೆಳಗಿನ ರೂಮಿಗೆ ತಳ್ಳಿ ಚಿಲಕ ಹಾಕಿ." ಆಮೇಲೆ ಎರಡು ಸಲ ಕೆಮ್ಮಿದ. ಫೋನಿನ ಮಾತು ಬಂತು. "ಹಲೋ, ಹೂಂ, ಬರ್ತಾರೆ ಬರ್ತಾರೆ. ಸಾಹೇಬನಿಗೆ ಲಕೋಟೆ ಕೊಟ್ರೆ ಆಯ್ತು. ಹಿಂದೊಂದು ಬಾಲ ಬರುತ್ತಲ್ಲ, ಅದಕ್ಕೆ ಗೋಡಂಬಿ ಸಾಕು."

'ಬಾಲ' ಎಂಬ ಮಾತಿಗೆ ನನ್ನ ತೀವ್ರ ಆಕ್ಷೇಪಣೆಯನ್ನು ಇಲ್ಲಿ ದಾಖಲಿಸುತ್ತೇನೆ. ಉಳಿದಂತೆ ಅದರಲ್ಲಿ ಆಕ್ಷೇಪಾರ್ಹವಾದದ್ದೇನೂ ನನಗೆ ಕಾಣಲಿಲ್ಲ.

"ಕೇಳಿಸ್ಕೊಂಡ್ರಲ್ಲ ಸಾರ್?" ಅಕ್ಕ ಮುಂದೆ ಬಂದಳು. "ಅವನಿಗೆ ಸುಳ್ಳು ಕಟ್ಟೋಕೇ ಬರಲ್ಲ. ಕಿವಿಗೆ ಬಿದ್ದಿದ್ದೇ ಬಾಯಿಗೆ ಬರೋದು."

"ಅಯ್ಯೋ, ಟೀವಿ ಧಾರಾವಾಹಿ ನೋಡ್ತಾನೆ ಸಾರ್," ಅಂದರು ಮೇಲ್ವಿಚಾರಕಿ. "ಅದರಲ್ಲಿ ಒಬ್ಬಳು ಅತ್ತೆ ಹೀಗೇ ಮಾತಾಡ್ತಾಳೆ." ಹೇಳಿ ಮುಗಿಸಿ ಎರಡು ಸಲ ಕೆಮ್ಮಿದರು.

"ಆ ಅತ್ತೆಗೂ ಇದೇ ಕೆಮ್ಮಾ?" ಅಂದಳು ಅಕ್ಕ.

ಸಾಹೇಬರು ಗೋಡಂಬಿ ನುಂಗಿ ನ್ಯಾಯ ಹೇಳಿದರು. "ನೋಡಮ್ಮಾ, ದೂರು ಅಂದ್ರೆ ದೂರು ಕೊಡುವವನ ಸ್ವಂತ ಮಾತಾಗಿರಬೇಕು. ಇದು ಮೇಡಂ ಮಾತು ಅಂತ ನೀನೇ ಹೇಳ್ತಿದ್ದೀಯ. ಅಂದ್ರೆ ಮೇಡಂ ಮೇಲೆ ಮೇಡಂ ದೂರು ಕೊಟ್ಟ ಹಾಗಾಯ್ತು. ಮೇಡಂ, ನಿಮ್ಮ ಮೇಲೆ ನಿಮ್ಮದೇನಾದ್ರೂ ದೂರಿದೆಯಾ?"

"ಇಲ್ಲ ಸಾರ್. ನನಗೆ ನನ್ನ ಮೇಲೆ ಪೂರ್ತಿ ವಿಶ್ವಾಸ."

"ಬರ್ಕೊಳ್ರಿ," ಅಂದರು ಸಾಹೇಬರು. ಬರೆದುಕೊಂಡೆ. ನಿಲಯವಾಸಿಯು ಅಧಿಕಾರಿಗಳ ಸಮಕ್ಷಮ ಅಸಭ್ಯವಾಗಿ ಮಾತನಾಡಿದನೆಂದೂ, ಇದರಿಂದ ಮೇಲ್ವಿಚಾರಕಿಯವರ ಮನಸ್ಸಿಗೆ ನೋವಾಗಿದೆಯೆಂದೂ ಸೇರಿಸಲಾಯಿತು.

ಆದರೆ ನಮ್ಮದು ಕೈಕಟ್ಟಿ ಕೂರುವ ಇಲಾಖೆಯಲ್ಲ. ವಾರದೊಳಗೆ ಸುತ್ತೋಲೆ ಹೊರಟಿತು. "ಕೇಳಿದ್ದನ್ನೇ ಹೇಳುವ ನಿಲಯವಾಸಿಗಳಿಗೆ ಇನ್ನು ಮುಂದೆ ಒಳ್ಳೆಯದನ್ನೇ ಕೇಳಿಸತಕ್ಕದ್ದು. ಒಳ್ಳೆಯದನ್ನು ಮಾಡುವ ಕುರಿತು ಪ್ರತ್ಯೇಕ ಸುತ್ತೋಲೆಯನ್ನು ಹೊರಡಿಸಲಾಗುವುದು." ಆ ಪ್ರತ್ಯೇಕ ಸುತ್ತೋಲೆ ಈಗಲೂ ಪರಿಶೀಲನೆಯಲ್ಲಿದೆ. ಅವಸರ ಮಾಡಬಾರದು.

ಕೇಳಿಸಬೇಕಾದ ಮಾತನ್ನು ಒಂದು ಸಮಿತಿ ಅನುಮೋದಿಸಿತು. "ಇಲ್ಲಿ ಎಲ್ಲರೂ ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಊಟ ರುಚಿಯಾಗಿದೆ. ನನಗೆ ಯಾವ ತೊಂದರೆಯೂ ಇಲ್ಲ." ಬಸ್ ನಿಲ್ದಾಣದಲ್ಲಿ ಬರುವ ಹೋಗುವ ಬಸ್ಸುಗಳನ್ನು ಸಾರುವ ಹೆಣ್ಣುಮಗಳಿಂದ ಇದನ್ನು ಓದಿಸಿ, ಧ್ವನಿಮುದ್ರಿಸಿ, ರೇಡಿಯೋನ ಮಂಚದ ಮೇಲೆ ಸ್ಪೀಕರ್ ಬಿಗಿದು ಹಗಲಿಡೀ ಹಾಕಲಾಯಿತು. ಬೇರೆ ಮಾತು ಬೆರೆತು ಕೆಡಬಾರದೆಂದು ಅಕ್ಕನ ಭಾನುವಾರದ ಭೇಟಿಯನ್ನು ನಿಲ್ಲಿಸಲಾಯಿತು.

ಅವಳು ಸುಮ್ಮನಿರುವ ಪೈಕಿಯೇ? ಕೆಲಸಕ್ಕೆ ರಜೆ ಹಾಕಿ ನೇರ ಕಚೇರಿಗೆ ಬಂದಳು.

"ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ, ಅದನ್ನ ನಿಲ್ಲಿಸಿ. ಬೇರೆಯವರ ಮಾತು ಹೇಳೋದೇ ಸಾರ್ ಅವನ ಮಾತು. ಹಸಿವಾದ್ರೆ 'ಬಾ ಮಗಾ, ತಟ್ಟೆ ತಗೋ' ಅಂತಾನೆ. ನೋವಾದ್ರೆ 'ಎಲ್ಲಿ ಕಂದಾ, ಊದಲಾ?' ಅಂತಾನೆ. ಎರಡೂ ನಮ್ಮಮ್ಮ ಹೇಳ್ತಿದ್ದ ಮಾತು, ನಮ್ಮಮ್ಮನ ದನಿ. ಅದು ಅಳಿಸಿಹೋದ್ರೆ ನೋವಾಯ್ತು ಅಂತ ಅವನು ಹೇಗೆ ಹೇಳ್ತಾನೆ ಸಾರ್?"

ಸಾಹೇಬರು ಸಹಾನುಭೂತಿಯಿಂದಲೇ ಕೇಳಿದರು. "ತಾಯಿಯವರ ಮಾತಿಗೆ ಸಮಿತಿಯ ಅನುಮೋದನೆ ಇದೆಯಾ?"

"ಅಮ್ಮ ತೀರಿಹೋಗಿದ್ದಾರೆ ಸಾರ್."

"ಛೆ ಛೆ. ಹಾಗಾದ್ರೆ ಅರ್ಜಿಗೆ ಅವರ ಸಹಿ ಸಿಗೋದು ಕಷ್ಟ."

ಇತ್ತ ನಿಲಯದಲ್ಲಿ ರೇಡಿಯೋ ಎರಡೂ ಕಿವಿ ಮುಚ್ಚಿಕೊಂಡು ಅಸಹಕಾರ ತೋರುತ್ತಿದ್ದ. ಇಂಥವರಿಗೆ ಸದ್ದು ಆಗದು ಎಂದು ಯಾರೋ ಅಂದರು. ಸದ್ದಿಗೂ ಸರ್ಕಾರಿ ಮಾತಿಗೂ ವ್ಯತ್ಯಾಸವಿಲ್ಲವೇ? ಇಬ್ಬರು ಸಹಾಯಕರು ಅವನ ಕೈಗಳನ್ನು ಬೆನ್ನ ಹಿಂದಕ್ಕೆ ತಿರುಚಿ ಹಿಡಿದರು. ದಾಖಲೆಯಲ್ಲಿ ಇದಕ್ಕೆ 'ಆಲಿಸಲು ನೆರವು' ಎಂದು ಹೆಸರು. ನೆರವು ದಿನವೂ ದೊರೆಯುತ್ತಿತ್ತು.

ಎರಡನೇ ಅನಿರೀಕ್ಷಿತ ತಪಾಸಣೆಗೆ ಎಲ್ಲರೂ ನಮ್ಮ ದಾರಿ ಕಾಯುತ್ತಿದ್ದರು. ಅಕ್ಕನಿಗೂ ಆ ದಿನ ಒಳಗೆ ಬರಲು ಬಿಟ್ಟಿದ್ದರು. ರೇಡಿಯೋ ಸಾಲಿನ ಮೊದಲಲ್ಲಿ ಕೂತಿದ್ದ. ಬಲಗೈ ಮಣಿಕಟ್ಟು ಬದನೆಕಾಯಿಯ ಹಾಗೆ ಊದಿ ಕಪ್ಪಿಟ್ಟಿತ್ತು. ಮುಖದಲ್ಲಿ ಬೆವರು ಇಳಿಯುತ್ತಿತ್ತು. ಸಾಹೇಬರು ದೊಡ್ಡ ಮನಸ್ಸು ಮಾಡಿ, ಒಂದನೇ ನಿಯಮವನ್ನು ಸಡಿಲಿಸಿ, ಅವನನ್ನೇ ಮಾತನಾಡಿಸಿದರು.

"ಏನಪ್ಪಾ, ಹೇಗಿದ್ದೀಯ?"

"ಇಲ್ಲಿ ಎಲ್ಲರೂ ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಊಟ ರುಚಿಯಾಗಿದೆ. ನನಗೆ ಯಾವ ತೊಂದರೆಯೂ ಇಲ್ಲ."

ಒಂದು ಅಕ್ಷರ ತಪ್ಪಿಲ್ಲ. ಸಾಹೇಬರ ಕಣ್ಣು ತುಂಬಿ ಬಂತು.

"ಕೈ ಮುರಿದಿದೆ ಸಾರ್!" ಅಕ್ಕ ಕಿರುಚಿದಳು. "ಕಣ್ಣಿಗೆ ಕಾಣ್ತಾ ಇಲ್ವಾ? ಯಾರಾದ್ರೂ ಡಾಕ್ಟರನ್ನ ಕರೀರಿ!"

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ಜನ ಸುಲಭವಾಗಿ ಹೇಳಿಬಿಡುತ್ತಾರೆ. ಇಲಾಖೆಗೆ ಕನ್ನಡಿ ಬೇಕು, ಆ ಕನ್ನಡಿ ಟೆಂಡರಿನ ಮೂಲಕವೇ ಬಂದಿರಬೇಕು. ವೈದ್ಯರನ್ನು ನಿಲಯವಾಸಿಯ ಸ್ವಂತ ದೂರಿನ ಮೇರೆಗೆ ಮಾತ್ರ ಕರೆಸತಕ್ಕದ್ದೆಂದು ಮೇಲ್ವಿಚಾರಕಿ ನಿಯಮ ತೋರಿಸಿದರು. ನಿಲಯವಾಸಿ ತನಗೆ ತೊಂದರೆಯೇ ಇಲ್ಲ ಎನ್ನುತ್ತಿದ್ದಾನೆ.

"ಅವತ್ತು ಅವನ ಬಾಯಲ್ಲಿ ಬಂದದ್ದು ಅವನ ಮಾತಲ್ಲ ಅಂದ್ರಿ. ಇವತ್ತು ಇದು ಹೇಗೆ ಅವನ ಮಾತಾಯ್ತು?"

"ಅವತ್ತಿನದಕ್ಕೆ ಅನುಮೋದನೆ ಇರಲಿಲ್ಲಮ್ಮಾ, ಇದಕ್ಕಿದೆ," ಅಂದರು ಸಾಹೇಬರು. ದನಿಯಲ್ಲಿ ಸ್ವಲ್ಪ ಬೇಸರವೂ ಇತ್ತು. "ಪಾಪ, ಅವನು ಇಷ್ಟು ಚೆನ್ನಾಗಿ ತನ್ನ ಅನಿಸಿಕೆ ಹೇಳ್ತಿದ್ದಾನೆ. ಒಡಹುಟ್ಟಿದವಳಾಗಿ ನೀನೇ ಅವನ ಬಾಯಿ ಮುಚ್ಚಿಸೋದಾ?"

ಅವಳು ಅವನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಊದಿದ ಕೈಯನ್ನು ಮುಟ್ಟಿಯೂ ಮುಟ್ಟದ ಹಾಗೆ ಹಿಡಿದು, "ಎಲ್ಲಿ ಕಂದಾ, ಊದಲಾ?" ಅಂದಳು. ಅವನು ಅವಳ ಮುಖ ನೋಡಿದ. ತುಟಿ ಅಲುಗಿತು. ಏನನ್ನೋ ತಡಕುವವನ ಹಾಗೆ ಕತ್ತು ಆಚೀಚೆ ಆಡಿಸಿದ. ಕೊನೆಗೆ ನಿಲ್ದಾಣದ ಹೆಣ್ಣುಮಗಳ ದನಿಯಲ್ಲಿ, ಅವಳು ಉಸಿರು ತೆಗೆದುಕೊಂಡಲ್ಲೇ ತಾನೂ ತೆಗೆದುಕೊಂಡು, "ನನಗೆ ಯಾವ ತೊಂದರೆಯೂ ಇಲ್ಲ," ಅಂದ.

ಅಕ್ಕ ಅಲ್ಲೇ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ನನಗೂ ಒಂದು ಗಳಿಗೆ ಗಂಟಲು ಕಟ್ಟಿತು. ಗೋಡಂಬಿ ಸಿಕ್ಕಿಕೊಂಡಿರಬೇಕು.

ತಪ್ಪೇನೂ ಸಾಬೀತಾಗದ ಕಾರಣ ಬೇರೆ ನಿಲಯದ ಪ್ರಶ್ನೆ ಏಳಲಿಲ್ಲ. ಧ್ವನಿಮುದ್ರಿಕೆಯನ್ನು ಎಲ್ಲ ನಿಲಯಗಳಿಗೂ ಕಳುಹಿಸಲಾಗಿದ್ದು, ಅಂದಿನಿಂದ ಎಲ್ಲಿಂದಲೂ ಒಂದೇ ಒಂದು ದೂರು ಬಂದಿಲ್ಲ. ರೇಡಿಯೋನ ಮೂಳೆ ಸರ್ಕಾರಕ್ಕೆ ಖರ್ಚಿಲ್ಲದೆ ತಾನಾಗಿಯೇ, ತುಸು ಸೊಟ್ಟಗೆ, ಕೂಡಿಕೊಂಡಿತು. ಬಲಗೈಯಲ್ಲಿ ಚಮಚ ನಿಲ್ಲದ್ದರಿಂದ ಅವನು ಎಡಗೈಯಲ್ಲಿ ಉಣ್ಣುವುದನ್ನು ಕಲಿತ. ವಾರ್ಷಿಕ ಸಮಾರಂಭದಲ್ಲಿ ಇದೇ ಸಾಧನೆಗಾಗಿ ನಿಲಯಕ್ಕೆ ಕೌಶಲ್ಯಾಭಿವೃದ್ಧಿಯ ಮೊದಲ ಬಹುಮಾನ ಬಂತು. ವೇದಿಕೆಯ ಮೇಲೆ ಅವನಿಗೊಂದು ತಟ್ಟೆ ಕೊಟ್ಟು ಉಣ್ಣಿಸಿ ತೋರಿಸಲಾಯಿತು. ಸಭಾಂಗಣವೆಲ್ಲ ಎದ್ದು ಚಪ್ಪಾಳೆ ತಟ್ಟಿತು. ಅಕ್ಕನೂ ತಟ್ಟಿದಳು. ತಟ್ಟದ ಬಂಧುಗಳಿಗೆ ನಿಂತುಹೋದ ಭಾನುವಾರದ ಭೇಟಿ ಮತ್ತೆ ಸಿಗುವುದಿಲ್ಲವೆಂದು ಮೊದಲೇ ತಿಳಿಸಲಾಗಿತ್ತು.