ಪಲ್ಲಕ್ಕಿ ಏರಿದ ರೇಷನ್ ಮಶೀನು

ಹುನಗುಂದ ಕಡೆಯ ಕುರಿಹಟ್ಟಿಯಲ್ಲಿ ಇಂಟರ್ನೆಟ್ ಇದೆ. ಪಂಚಾಯಿತಿ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಹಾಗೆಂದು ಬರೆಸಿದ್ದಾರೆ. ಗೋಡೆಯಿಂದ ಅದು ಇನ್ನೂ ಕೆಳಗಿಳಿದಿಲ್ಲ, ಅಷ್ಟೇ.

ಇಳಿಯದ ಕಾರಣ ರೇಷನ್ ಅಂಗಡಿಯ ಮಶೀನು ಯಾರ ಹೆಬ್ಬೆಟ್ಟನ್ನೂ ಒಪ್ಪುತ್ತಿರಲಿಲ್ಲ. ಹೆಬ್ಬೆಟ್ಟು ಒಪ್ಪದೆ ಅಕ್ಕಿ ಇಲ್ಲ. ರಂಗವ್ವನ ಮನೆಯಲ್ಲಿ ಅಕ್ಕಿ ಡಬ್ಬಿಯ ತಳ ಕಾಣುತ್ತಿತ್ತು, ಮೊಮ್ಮಕ್ಕಳು ಅದನ್ನು ಬಾರಿಸಿ ಆಡುತ್ತಿದ್ದರು.

"ಯಂಕಪ್ಪಾ, ನನ್ನ ಹೆಬ್ಬಟ್ಟ ಸವದೈತೋ, ನಿನ್ನ ಮಶೀನ ಸವದೈತೋ?" ಎಂದು ಆಕೆ ಅಂಗಡಿಯವನನ್ನು ಕೇಳಿದಳು.

"ಎರಡೂ ಚಲೋ ಅದಾವಬೇ. ನಡುವಿನ ಗಾಳಿ ಚಲೋ ಇಲ್ಲ."

ಅಷ್ಟರಲ್ಲಿ ಇಲಾಖೆಯ ಸುತ್ತೋಲೆ ಬಂತು: 'ಇಂಟರ್ನೆಟ್ ನಿಧಾನವಿರುವ ಗ್ರಾಮಗಳಲ್ಲಿ ಎತ್ತರದ ಸ್ಥಳವನ್ನೇ ಪರ್ಯಾಯವೆಂದು ಭಾವಿಸತಕ್ಕದ್ದು. ಮಶೀನನ್ನು ಸೂಕ್ತ ಗೌರವದಿಂದ ಅಲ್ಲಿಗೆ ಸಾಗಿಸತಕ್ಕದ್ದು.'

ಎತ್ತರವೆಂದರೆ ಊರದೇವರು ಬೀರಪ್ಪನ ಗುಡ್ಡ. ಗೌರವವೆಂದರೆ ಪಲ್ಲಕ್ಕಿ, ಊರಿಗೆ ಬೇರೆ ಗೌರವ ಗೊತ್ತಿರಲಿಲ್ಲ. ಕಂಬಳಿ ಹಾಸಿ ಮಶೀನು ಕೂರಿಸಿ, ಅರಿಶಿನದ ಭಂಡಾರ ಹಚ್ಚಿ, ಡೊಳ್ಳು ಬಾರಿಸುತ್ತ ಹೊರಟರು. ಪಲ್ಲಕ್ಕಿ ಮೈಮೇಲೆ ದಾಟಲೆಂದು ಹೆಂಗಸರು ದಾರಿಯಲ್ಲಿ ಅಡ್ಡ ಮಲಗಿದರು. ರಂಗವ್ವನೂ ಮೊಣಕಾಲನ್ನು ಬೈಯುತ್ತ ಮಲಗಿ ಎದ್ದಳು.

ಗುಡ್ಡದ ತುದಿಯಲ್ಲಿ ಮೊದಲ ಹೆಬ್ಬೆಟ್ಟು ಆಕೆಯದೇ. ಮಶೀನು ಬಹಳ ಹೊತ್ತು ಯೋಚಿಸಿ, "ಸಂಪರ್ಕವಿಲ್ಲ. ಸ್ವಲ್ಪ ಸಮಯದ ನಂತರ ಮತ್ತೆ ಪ್ರಯತ್ನಿಸಿ" ಎಂದಿತು.

ಡೊಳ್ಳು ನಿಂತವು. ಪಲ್ಲಕ್ಕಿ ಗುಡ್ಡ ಏರಿದ ಮೇಲೆ ಅಲ್ಲಿ ಬಂದ ಮೊದಲ ಮಾತೇ ವರ್ಷದ ಮಳೆ-ಬೆಳೆಗೆ ದೇವರ ಹೇಳಿಕೆ. ಇದು ಹಿರಿಯರಿಂದ ನಡೆದುಬಂದದ್ದು. ಪೂಜಾರಿ ಹಣಮಪ್ಪ ಕಣ್ಣು ಮುಚ್ಚಿ ಅರ್ಥ ಬಿಡಿಸಿದ: "ಮುಂಗಾರಿ ಕೈ ಕೊಡ್ತೈತಿ. ಹಿಂಗಾರಿಗೆ ಮತ್ತ ಬಿತ್ರಿ!"

ಜನ "ಚಾಂಗಭಲೋ" ಎಂದು ಭಂಡಾರ ಹಾರಿಸಿದರು.

"ನನ್ನ ಅಕ್ಕಿ?" ಎಂದಳು ರಂಗವ್ವ.

"ದೇವರು ಮಾತಾಡೈತಿ, ನಿಂದೇನಬೇ ನಡುವ?" ಪೂಜಾರಿ ಗದರಿದ.

"ನಾ ಹೆಬ್ಬಟ್ಟ ಒತ್ತಿದ್ದಕ್ಕ ಮಾತಾಡೈತೋ ಅಣ್ಣಾ. ನಾ ಉಪಾಸ ಸತ್ತರ ಮುಂದಿನ ಸಲ ಯಾರ ಹೆಬ್ಬಟ್ಟ ಒತ್ತಸ್ತಿ?"

ಮಾತು ನ್ಯಾಯದ್ದಿತ್ತು. ಪರ್ಯಾಯ ವ್ಯವಸ್ಥೆಯ ತಪಾಸಣೆಗೆ ಬಂದಿದ್ದ ಇನ್ಸ್‌ಪೆಕ್ಟರ್ ಮಹಾಂತೇಶ ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟ: "ಹೆಬ್ಬೆಟ್ಟಿಲ್ಲದೆ ಅಕ್ಕಿ ವಿತರಿಸಲು ಅವಕಾಶವಿಲ್ಲ. ಆದರೆ ಪ್ರಸಾದಕ್ಕೆ ಹೆಬ್ಬೆಟ್ಟು ಬೇಕೆಂದು ಯಾವ ನಿಯಮದಲ್ಲೂ ಇಲ್ಲ."

ಯಂಕಪ್ಪನ ಮುಖ ಅರಳಿತು. ಅಕ್ಕಿಯ ಚೀಲಗಳು ಗುಡ್ಡ ಏರಿದವು. ಮನೆಗೊಂದು ಹಿಡಿ ಪ್ರಸಾದವಾಯಿತು. ಉಳಿದದ್ದು ದೇವರ ಪಾಲು. ದೇವರಿಗೆ ಗೋದಾಮು ಇಲ್ಲದ್ದರಿಂದ ಅದು ಯಂಕಪ್ಪನ ಗೋದಾಮು ಸೇರಿತು. ದೇವರು ಬೇಡವೆನ್ನಲಿಲ್ಲವಾದ್ದರಿಂದ ಒಂದಿಷ್ಟು ಇನ್ಸ್‌ಪೆಕ್ಟರರ ಜೀಪನ್ನೂ ಹತ್ತಿತು. ಕುರಿಹಟ್ಟಿಯಲ್ಲಿ ವಿತರಣೆ ಸಂಪೂರ್ಣವಾಗಿದೆಯೆಂದು ಇಲಾಖೆ ಅಭಿನಂದಿಸಿತು.

ರಂಗವ್ವ ತನ್ನ ಹಿಡಿ ಅಕ್ಕಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಗುಡ್ಡ ಇಳಿದಳು. ಪಕ್ಕದ ಮನೆಯ ಶಾರವ್ವ ಬಾಗಿಲಲ್ಲೇ ತಡೆದಳು.

"ಇಷ್ಟ ಏನಬೇ? ತಕ್ಕಡಿ ತರ್ತೇನಿ ತಡಿ, ತೂಗಿ ನೋಡೂಣು."

"ಪ್ರಸಾದ ಯಾರರ ತೂಗ್ತಾರೇನ ಹುಚ್ಚಿ?" ಎಂದಳು ರಂಗವ್ವ.

ಶಾರವ್ವ ತಪ್ಪಾಯಿತೆಂದು ಗಲ್ಲ ಗಲ್ಲ ಬಡಿದುಕೊಂಡಳು.