ಮೂರನೆಯ ಸಾಲಿನ ಮೇಸ್ತ್ರಿ

ಪ್ರತಿಜ್ಞೆ ಮಾಡುವುದಾದರೆ ಘನವಾದದ್ದನ್ನೇ ಮಾಡಬೇಕು ಎಂಬುದು ನನ್ನ ನಿಲುವು. ತೂಕ ಇಳಿಸುತ್ತೇನೆ, ಬೆಳಿಗ್ಗೆ ಐದಕ್ಕೆ ಏಳುತ್ತೇನೆ ಎಂಬಂಥ ಬಡಪಾಯಿ ಪ್ರತಿಜ್ಞೆಗಳನ್ನು ಇತರರಿಗೆ ಬಿಟ್ಟುಕೊಟ್ಟಿದ್ದೇನೆ. ನಾನು ಮಾಡಿದ್ದು ಇಷ್ಟು: ಈ ಜೀವ ಇರುವವರೆಗೆ ನಮ್ಮ ಮನೆಯ ಕಂಪ್ಯೂಟರಿಗೆ ಬರುವ ಒಂದೇ ಒಂದು ಕರ್ನಲ್ ಅಪ್‌ಡೇಟನ್ನೂ ತಪ್ಪಿಸುವುದಿಲ್ಲ!

ಕರ್ನಲ್ ಅಂದಕೂಡಲೇ ಮೀಸೆ, ಟೋಪಿ, ಬಂದೂಕು ಕಣ್ಣಮುಂದೆ ಬಂದರೆ ತಪ್ಪು ನಿಮ್ಮದಲ್ಲ. ನನಗೂ ಹಾಗೇ ಆಗಿತ್ತು. ನನ್ನದು ಕನ್ನಡಕದ ಅಂಗಡಿ. ಅಲ್ಲಿಗೆ ಬರುವ ಒಬ್ಬ ಸೋಡಾಬುಡ್ಡಿ ಎಂಜಿನಿಯರ್ ನನ್ನ ತಿಳಿವಳಿಕೆ ತಿದ್ದಿದ. ನಮ್ಮ ಹಳೇ ಕಂಪ್ಯೂಟರಿಗೆ ಪುಕ್ಕಟೆ ಸಿಗುವ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟವನೂ ಅವನೇ. ಅವನ ಪ್ರಕಾರ ಕರ್ನಲ್ ಅಂದರೆ ಯಂತ್ರದೊಳಗಿನ ಮೇಸ್ತ್ರಿ. ಕೀಬೋರ್ಡು, ಪರದೆ, ಪ್ರಿಂಟರು ಎಲ್ಲವೂ ಆಳುಗಳು; ಯಾರು ಯಾವಾಗ ಏನು ಮಾಡಬೇಕು ಅಂತ ಹೇಳುವವನು ಇವನೊಬ್ಬನೇ. ಮೇಸ್ತ್ರಿಯಲ್ಲಿ ಏನಾದರೂ ಹುಳುಕು ಕಂಡರೆ ಸರಿಪಡಿಸಿ ಹೊಸ ಮೇಸ್ತ್ರಿಯನ್ನು ಕಳಿಸುತ್ತಾರಂತೆ. ಹುಳುಕು ವಾರಕ್ಕೊಂದು ಸಿಗುತ್ತದೆ, ಹಾಗಾಗಿ ಮೇಸ್ತ್ರಿಯೂ ವಾರಕ್ಕೊಬ್ಬ. ಯಾತಕ್ಕೂ ಇರಲಿ ಅಂತ ಒಂದಿಬ್ಬರು ಹಳಬರನ್ನು ಹಿಂದೆ ಕೂರಿಸಿರುತ್ತಾರೆ. ಕಂಪ್ಯೂಟರ್ ಶುರುವಾಗುವಾಗ ಒಂದು ಪಟ್ಟಿ ಬರುತ್ತದೆ: ಮೊದಲ ಸಾಲಿನಲ್ಲಿ ಹೊಸಬ, ಅದರ ಕೆಳಗೆ ಹಳಬರು. ನೀವು ಸುಮ್ಮನಿದ್ದರೆ ಹೊಸಬನೇ ಅಧಿಕಾರ ವಹಿಸಿಕೊಳ್ಳುತ್ತಾನೆ.

ಇದು ನನಗೆ ಬಹಳ ಹಿಡಿಸಿತು. ಅಂಗಡಿಯಲ್ಲಿ ನನ್ನ ಮಾತನ್ನು ಗಿರಾಕಿಗಳು ಕೇಳುವುದಿಲ್ಲ, ಮನೆಯಲ್ಲಿ ಯಾರೂ ಕೇಳುವುದಿಲ್ಲ. ಇಲ್ಲಿ ನೋಡಿದರೆ ವಾರಕ್ಕೊಬ್ಬ ಮೇಸ್ತ್ರಿಯನ್ನು ನೇಮಿಸುವ ಪರಮಾಧಿಕಾರ! ಪ್ರತಿ ಭಾನುವಾರ ಸ್ನಾನ ಮಾಡಿ, ತಲೆ ಬಾಚಿ, ಅಪ್‌ಡೇಟ್ ಒತ್ತುತ್ತಿದ್ದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರ ಓಡುವುದನ್ನು ಕೈಕಟ್ಟಿ ನಿಂತು ನೋಡುತ್ತಿದ್ದೆ. ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಆದರೂ ಎಂಟು ತಿಂಗಳು ಒಂದು ತೊಂದರೆಯೂ ಇಲ್ಲದೆ ನಡೆಯಿತು. ಎಲ್ಲ ನನ್ನ ಕೈಗುಣ ಅಂತ ಕಣ್ಣು ತೋರಿಸಲು ಬಂದವರಿಗೆಲ್ಲ ಹೇಳಿಕೊಂಡೆ.

ಆ ಕಂಪ್ಯೂಟರ್ ನಿಜವಾಗಿ ದುಡಿಯುವುದು ನನ್ನ ಹೆಂಡತಿಗಾಗಿ. ಅವಳು ಕಣ್ಣು ಕಾಣದ ಮಕ್ಕಳಿಗೆ ಬ್ರೈಲ್ ಕಲಿಸುತ್ತಾಳೆ, ಅವರ ಪಾಠಗಳನ್ನು ಬ್ರೈಲಿನಲ್ಲಿ ಅಚ್ಚು ಹಾಕಿ ಕೊಡುತ್ತಾಳೆ. ಅದಕ್ಕೆಂದೇ ಒಂದು ಪ್ರಿಂಟರ್ ಇದೆ. ಶಾಯಿ ಗೀಯಿ ಏನೂ ಇಲ್ಲ. ದಪ್ಪ ಕಾಗದವನ್ನು ಗುದ್ದಿ ಗುದ್ದಿ ಉಬ್ಬು ಚುಕ್ಕಿ ಎಬ್ಬಿಸುತ್ತದೆ. ವಯಸ್ಸು ಹತ್ತೊಂಬತ್ತು, ಪ್ರಿಂಟರುಗಳ ಲೆಕ್ಕದಲ್ಲಿ ಮುದುಕ. ಆದರೂ ಕೆಲಸಕ್ಕಿಳಿದರೆ ಪಕ್ಕದ ಊಟದ ಮೇಜಿನ ಮೇಲಿನ ಲೋಟಗಳು ಕುಣಿಯುತ್ತವೆ.

ಅವಳ ಶಿಷ್ಯೆಯರಲ್ಲಿ ಒಬ್ಬಳು ಹತ್ತನೇ ತರಗತಿ. ಬಾಯಿ ಸುಮ್ಮನಿರದ ಹುಡುಗಿ, ನಾವು ಚಿನಕುರುಳಿ ಅಂತಲೇ ಕರೆಯುವುದು. ಕಣ್ಣು ಕಾಣುವ ಮಕ್ಕಳ ಶಾಲೆಯಲ್ಲೇ ಓದುತ್ತಾಳೆ. ಪರೀಕ್ಷೆ ಬಂದರೆ ಅವಳಿಗೊಂದು ಸಂಕಟ. ಬೇರೆ ಕೋಣೆಯಲ್ಲಿ ಒಬ್ಬಳನ್ನೇ ಕೂರಿಸಿ, ಯಾರಾದರೂ ಪ್ರಶ್ನೆಗಳನ್ನು ಓದಿ ಹೇಳುತ್ತಾರೆ. ಕಳೆದ ಸಲ ಓದಿದವರು ಗಣಿತದ ಚಿಹ್ನೆ ಬಂದಲ್ಲೆಲ್ಲ "ಇಲ್ಲೇನೋ ಒಂದಿದೆ" ಅಂದಿದ್ದರಂತೆ. ಈ ಸಲ ನನ್ನ ಹೆಂಡತಿ ಮುಖ್ಯ ಶಿಕ್ಷಕಿಯ ಹತ್ತಿರ ನಾಲ್ಕು ಬಾರಿ ವಾದಿಸಿ ಒಪ್ಪಿಸಿದ್ದಳು. ಸೋಮವಾರ ಬೆಳಿಗ್ಗೆ ಒಂಬತ್ತರೊಳಗೆ ಗಣಿತದ ಪ್ರಶ್ನೆಪತ್ರಿಕೆ ಬ್ರೈಲಿನಲ್ಲಿ ಶಾಲೆಗೆ ಬಂದರೆ ಹುಡುಗಿ ಎಲ್ಲರ ಜೊತೆ ಹಾಲ್‌ನಲ್ಲಿ ಕೂತು ಬರೆಯಬಹುದು. ಬರದಿದ್ದರೆ ಮತ್ತೆ ಅದೇ ಕೋಣೆ.

ಭಾನುವಾರ ಬೆಳಿಗ್ಗೆ ಹೆಂಡತಿ ಪ್ರಶ್ನೆಪತ್ರಿಕೆ ತರಲು ಮುಖ್ಯ ಶಿಕ್ಷಕಿಯ ಮನೆಗೆ ಹೊರಟಳು. ನಾನು ತಲೆ ಬಾಚಿಕೊಂಡು ಅಪ್‌ಡೇಟ್ ಒತ್ತಿದೆ. ಕಂಪ್ಯೂಟರ್ ಮೊಟ್ಟಮೊದಲ ಸಲ ನನಗೆ ಎದುರಾಡಿತು. ಹೊಸ ಮೇಸ್ತ್ರಿಗೆ ಕೂರಲು ಜಾಗವೇ ಇಲ್ಲವಂತೆ! ನೋಡಿದರೆ ಇಬ್ಬರು ಹಳಬರು ಜಾಗ ಹಿಡಿದು ಕೂತಿದ್ದಾರೆ. ಅದರಲ್ಲೂ ಮೂರನೆಯ ಸಾಲಿನವನು ಎಂಟು ತಿಂಗಳ ಹಿಂದಿನವನು. ಬಂದವರೆಲ್ಲ ಒಂದೆರಡು ವಾರದಲ್ಲಿ ಗಂಟುಮೂಟೆ ಕಟ್ಟುವಾಗ ಈ ಮಹಾಶಯ ಹೇಗೆ ಉಳಿದ? ಅಳಿಸಲು ಹೋದೆ. 'ಇದನ್ನು ತೆಗೆಯಬಾರದೆಂದು ಗುರುತು ಹಾಕಲಾಗಿದೆ. ಆದರೂ ತೆಗೆಯಬೇಕೇ?' ಎಂದು ಕಂಪ್ಯೂಟರ್ ಕೇಳಿತು. ನನ್ನ ಕಿವಿ ನೆಟ್ಟಗಾಯಿತು. ನನಗೆ ಗೊತ್ತಿಲ್ಲದೆ ನನ್ನ ಮನೆಯ ಕಂಪ್ಯೂಟರಿನಲ್ಲಿ ಗುರುತು ಹಾಕಿದವರು ಯಾರು? ಅಂತರಜಾಲದ ಕಳ್ಳರೇ ಇರಬೇಕು! ಹೌದು, ತೆಗೆ ಎಂದೆ. ಮತ್ತೆ ಕೇಳಿತು. ಹೌದು ಎಂದೆ. ಮೂರನೆಯ ಸಲ ಕೇಳಿದಾಗ ಕೀಲಿಯನ್ನು ಗುದ್ದಿ ಉತ್ತರ ಕೊಟ್ಟೆ. ಇಬ್ಬರೂ ನಿರ್ನಾಮವಾದರು. ಶತ್ರುಸೈನ್ಯವನ್ನು ಗಡಿಯಾಚೆ ಅಟ್ಟಿದ ಹುರುಪಿನಲ್ಲಿ ಕಂಪ್ಯೂಟರ್ ಆರಿಸಿ, ಎದ್ದುಹೋಗಿ ಕಾಫಿ ಮಾಡಿಕೊಂಡು ಕುಡಿದೆ.

ಹತ್ತೂವರೆಗೆ ಹೆಂಡತಿ ಬಂದಳು. ಚೀಲ ಇಳಿಸಿ, ಕಂಪ್ಯೂಟರ್ ಹಾಕಿ, ಪರದೆಯ ಕಡೆ ನೋಡದೆಯೇ ಕೆಳಬಾಣದ ಕೀಲಿಯನ್ನು ಎರಡು ಸಲ ಟಕಟಕ ಒತ್ತಿದಳು. ಆಮೇಲೆ ನೋಡಿದಳು. ಇನ್ನೊಮ್ಮೆ ನೋಡಿದಳು.

"ರೀ, ಮೂರನೇದು ಎಲ್ಲಿ?"

"ಯಾವ ಮೂರನೇದು?"

"ಹಳೇ ಕರ್ನಲ್. ನಾನು ದಿನಾ ಕೆಲಸ ಮಾಡೋದು ಅದರಲ್ಲೇ ಅಲ್ವಾ?"

ವಿಷಯ ಒಂದೊಂದಾಗಿ ಹೊರಬಿತ್ತು. ಎಂಟು ತಿಂಗಳ ಹಿಂದೆ ಬಂದ ಹೊಸ ಮೇಸ್ತ್ರಿಗೂ ನಮ್ಮ ಮುದಿ ಪ್ರಿಂಟರಿಗೂ ಮಾತುಕತೆ ನಿಂತುಹೋಗಿತ್ತು. ಅವಳು ಅವತ್ತೇ ನನಗೆ ಹೇಳಿದ್ದಳಂತೆ. ನಾನು ಕೇಬಲ್ ಸಡಿಲವಾಗಿರಬೇಕು ಅಂತ ಎರಡು ತಿರುವು ತಿರುವಿ ಅಂಗಡಿಗೆ ಹೋಗಿದ್ದೆನಂತೆ. ಅವಳು ಪಟ್ಟಿಯಲ್ಲಿ ಕೆಳಗಿಳಿದು ಹಳೇ ಮೇಸ್ತ್ರಿಯನ್ನು ಎಬ್ಬಿಸಿ ನೋಡಿದ್ದಳು, ಪ್ರಿಂಟರ್ ಓಡಿತ್ತು. ಅವತ್ತಿನಿಂದ ಇವತ್ತಿನವರೆಗೆ ನಾನು ಪ್ರತಿ ಭಾನುವಾರ ಹೊಸಬನನ್ನು ನೇಮಿಸುತ್ತಿದ್ದೆ, ಅವಳು ಪ್ರತಿ ಬೆಳಿಗ್ಗೆ ಎರಡು ಕೀಲಿ ಒತ್ತಿ ಹಳಬನಿಂದ ಕೆಲಸ ತೆಗೆಯುತ್ತಿದ್ದಳು. ನನ್ನ ಕೈಗುಣದ ಕಥೆ ಇಷ್ಟೇ!

"ಹಾಗಾದ್ರೆ ಆ ಗುರುತು ಹಾಕಿದ್ದು..."

"ನಾನೇ. ತೆಗೀಬಾರದು ಅಂತ ಬರುತ್ತಲ್ಲ, ಓದಲಿಲ್ವಾ?"

"ಓದಿದೆ," ಎಂದೆ. "ಮೂರು ಸಲ ಓದಿದೆ."

ಅವಳು ಬೈಯಲಿಲ್ಲ. ಬೈದಿದ್ದರೆ ಬಚಾವಾಗುತ್ತಿದ್ದೆ. ಪ್ರಶ್ನೆಪತ್ರಿಕೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. "ಹುಡುಗಿ ನಿನ್ನೆ ಹಾಲ್‌ಗೆ ಹೋಗಿ ತನ್ನ ಡೆಸ್ಕ್ ಮುಟ್ಟಿ ನೋಡಿಕೊಂಡು ಬಂದಿದಾಳೆ," ಎಂದಳು ಅಷ್ಟೇ. ನನಗೆ ನೆಲ ಬಿರಿದು ಒಳಗೆ ಸೇರಿಕೊಳ್ಳಬೇಕು ಅನ್ನಿಸಿತು.

ಇಂಥ ಹೊತ್ತಿನಲ್ಲಿ ಸುಮ್ಮನಿದ್ದರೆ ನಾನು ನಾನೇ ಅಲ್ಲ. ಅವಳು ಬೇಡ ಬೇಡ ಅನ್ನುತ್ತಿರುವಾಗಲೇ ಕೇಬಲ್ ಕಿತ್ತು, ಊದಿ, ಒರೆಸಿ, ಮತ್ತೆ ಚುಚ್ಚಿ, ಪ್ರಿಂಟರಿನ ಬೆನ್ನಿಗೆ ಒಂದು ತಟ್ಟಿದೆ. ಮುದುಕ ಗೊರ್ ಅಂದ. ಆಮೇಲೆ ಕಾಗದ ನುಂಗತೊಡಗಿದ. ಒಂದೊಂದು ಹಾಳೆಗೆ ಒಂದೇ ಒಂದು ಚುಕ್ಕಿ ಇಟ್ಟು ಆಚೆ ಉಗುಳತೊಡಗಿದ. ನಾನು ನಿಲ್ಲಿಸುವ ಗುಂಡಿ ಒತ್ತಿದರೆ ಅವನಿಗೆ ಇನ್ನಷ್ಟು ಉತ್ಸಾಹ! ಕೊನೆಗೆ ಹೆಂಡತಿ ಗೋಡೆಯ ಸ್ವಿಚ್ ಆರಿಸಿದಳು. ಎಂಬತ್ತು ಹಾಳೆಯ ಕಟ್ಟಿನಲ್ಲಿ ಉಳಿದದ್ದು ಮೂವತ್ತೊಂದು. ಪ್ರಶ್ನೆಪತ್ರಿಕೆಗೆ ಬೇಕಾದದ್ದು ಇಪ್ಪತ್ತೆರಡು. ಆ ಕಾಗದ ಸಿಗುವ ಒಂದೇ ಅಂಗಡಿ ಭಾನುವಾರ ಬಾಗಿಲು ತೆಗೆಯುವುದಿಲ್ಲ.

ಹೆಂಡತಿ ಕೈಯಲ್ಲಿ ಚುಚ್ಚಿ ಬರೆಯುವ ಹಲಗೆ, ಮೊಳೆ ತೆಗೆದುಕೊಂಡು ಕೂತಳು. ಇಪ್ಪತ್ತೆರಡು ಪುಟ, ಅದರಲ್ಲೂ ಗಣಿತ, ಬೆಳಗಾಗುವುದರೊಳಗೆ ಮುಗಿಯುವ ಮಾತಲ್ಲ. ನಾನೂ ಒಂದು ಸಾಲು ಚುಚ್ಚಿಕೊಡುತ್ತೇನೆ ಎಂದೆ. ಬ್ರೈಲನ್ನು ಕೈಯಲ್ಲಿ ಬರೆಯುವಾಗ ಹಾಳೆಯ ಹಿಂದಿನಿಂದ, ಬಲದಿಂದ ಎಡಕ್ಕೆ, ತಿರುಗುಮುರುಗಾಗಿ ಚುಚ್ಚಬೇಕು. ಅವಳು ತೋರಿಸಿಕೊಟ್ಟ ಚುಕ್ಕಿಗಳನ್ನೇ ನೋಡಿ ನೋಡಿ ಹತ್ತು ನಿಮಿಷ ಬೆವರು ಸುರಿಸಿ ಚುಚ್ಚಿದೆ. ಅವಳು ಅದರ ಮೇಲೆ ಬೆರಳಾಡಿಸಿ, ಇದು ಗಣಿತವಲ್ಲ, ಬೆವರುಗುಳ್ಳೆ ಎಂದಳು. ಸಣ್ಣಗೆ ನಕ್ಕಳು ಕೂಡ. ಆ ನಗುವಿನಿಂದ ನನಗೆ ಧೈರ್ಯ ಬಂತು. ಸೋಡಾಬುಡ್ಡಿ ಎಂಜಿನಿಯರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ.

ಅವನು ನನ್ನ ಕಥೆ ಕೇಳಿ ಗಂಟಲು ಸರಿಮಾಡಿಕೊಂಡ. ಹಳೇ ಕರ್ನಲನ್ನು ಹುಡುಕಿ ತರಬಹುದು, ಸ್ವಲ್ಪ ಹೊತ್ತು ಹಿಡಿಯುತ್ತದೆ ಎಂದ. ಆಮೇಲೆ, ಅದಿರಲಿ, ಇವತ್ತಿನದು ಹಾಕಿದ್ದೀರಾ ಎಂದು ಕೇಳಿದ. ನನ್ನನ್ನೇ ಇಂಥ ಪ್ರಶ್ನೆ ಕೇಳುವುದೇ! ಹಾಕಿದ್ದೇನೆ ಎನ್ನಲು ಬಾಯಿ ತೆರೆದವನು ಹಾಗೇ ಮುಚ್ಚಿದೆ. ಜಾಗ ಖಾಲಿ ಮಾಡಿಸುವ ಭರದಲ್ಲಿ, ಯಾರಿಗಾಗಿ ಖಾಲಿ ಮಾಡಿಸಿದೆನೋ ಅವನನ್ನು ಕರೆಯುವುದನ್ನೇ ಮರೆತಿದ್ದೆ. ನನ್ನ ಪ್ರತಿಜ್ಞೆ ಮುರಿದು ಆಗಲೇ ಮೂರು ತಾಸು ಕಳೆದಿತ್ತು!

ಇವತ್ತಿನದರಲ್ಲಿ ಏನೇನು ಸರಿಮಾಡಿದ್ದಾರೆ ನೋಡ್ತೀನಿ ಅಂತ ಅವನು ಪಟ್ಟಿ ಓದತೊಡಗಿದ. ಅದು ಮುಗಿಯುವ ಹಾಗೇ ಕಾಣಲಿಲ್ಲ. ಇದ್ದಕ್ಕಿದ್ದಂತೆ ನಿಲ್ಲಿಸಿದ.

"ಸಾರ್, ಇಲ್ಲೊಂದು ಸಾಲಿದೆ. ಹಳೇ ಬ್ರೈಲ್ ಪ್ರಿಂಟರ್‌ಗಳು ಓಡದೆ ನಿಲ್ಲುತ್ತಿದ್ದ ದೋಷ ಸರಿಪಡಿಸಲಾಗಿದೆ. ದೋಷ ಕಂಡುಹಿಡಿದು ತಿಳಿಸಿದವರು..." ಎಂದು ಒಂದು ಹೆಸರು ಓದಿದ.

ನನ್ನ ಹೆಂಡತಿಯ ಹೆಸರು! ಮದುವೆಗೆ ಮುಂಚಿನ ಇನಿಷಿಯಲ್ ಸಮೇತ!

ಅವಳು ಮೊಳೆ ಕೆಳಗಿಟ್ಟಳು. "ಬಂದೇಬಿಡ್ತಾ? ಇನ್ನೂ ಎರಡು ವಾರ ಆಗುತ್ತೆ ಅಂದಿದ್ರು," ಎಂದಳು. ಕರ್ನಲ್ ಮಾಡುವವರಿಗೆ ಅವಳೇ ಪತ್ರ ಬರೆದಿದ್ದಳಂತೆ. ಪ್ರಪಂಚದ ಯಾವುದೋ ಮೂಲೆಯಿಂದ ಯಾರೋ ಉತ್ತರಿಸಿ, ಇದನ್ನು ಮಾಡಿ ನೋಡಿ, ಅದನ್ನು ಮಾಡಿ ನೋಡಿ ಅಂದಿದ್ದರಂತೆ. ನಾನು ಅಂಗಡಿಯಲ್ಲಿದ್ದಾಗ ಹನ್ನೊಂದು ಸಲ ಪರೀಕ್ಷೆ ಮಾಡಿ ವರದಿ ಕಳಿಸಿದ್ದಳಂತೆ.

"ಇಷ್ಟೆಲ್ಲ ನಡೆದಿದೆ, ನನಗೊಂದು ಮಾತು ಹೇಳಬಾರದಾ?"

"ಹೇಳೋಣ ಅಂತ ಬಂದಾಗೆಲ್ಲ ನೀವು ಅಪ್‌ಡೇಟ್ ಮಾಡ್ತಾ ಇದ್ರಿ."

ನಾಚಿಕೆಯಾಯಿತು. ಅದರ ಹಿಂದೆಯೇ, ನಿಜ ಹೇಳುತ್ತೇನೆ, ಎದೆ ಉಬ್ಬಿತು. ನಾನು ಮೇಸ್ತ್ರಿಗಳನ್ನು ಬದಲಾಯಿಸುತ್ತ ಮೆರೆದೆ. ಇವಳು ಮೇಸ್ತ್ರಿಗೇ ಪಾಠ ಹೇಳಿ ತಿದ್ದಿದ್ದಾಳೆ.

ಅಪ್‌ಡೇಟ್ ಒತ್ತುವ ಗಳಿಗೆ ಬಂದಾಗ ಎಂಟು ತಿಂಗಳಿಂದ ಪಳಗಿದ ನನ್ನ ಬೆರಳನ್ನು ಹಿಂದಕ್ಕೆಳೆದುಕೊಂಡೆ. ಇದೂ ಕೈಕೊಟ್ಟರೆ? ಅವಳೇ ಒತ್ತಿದಳು. ಬಿಳಿ ಅಕ್ಷರಗಳು ಓಡಿದವು, ಕಂಪ್ಯೂಟರ್ ಆರಿತು, ಹತ್ತಿತು. ಅವಳು ಒಂದೇ ಒಂದು ಹಾಳೆ ಹಾಕಿ ಮುದ್ರಿಸಲು ಹೇಳಿದಳು. ಮುದುಕ ಸುಮ್ಮನಿದ್ದ. ನಾನು ಕಣ್ಣು ಮುಚ್ಚಿಕೊಂಡೆ. ಆಮೇಲೆ ಊಟದ ಮೇಜಿನ ಮೇಲೆ ಲೋಟಗಳು ಕುಣಿಯುವ ಸದ್ದು ಕೇಳಿಸಿತು. ಸಂಜೆ ನಾಲ್ಕರ ಹೊತ್ತಿಗೆ ಇಪ್ಪತ್ತೆರಡು ಪುಟಗಳೂ ಸಿದ್ಧವಾಗಿದ್ದವು. ಅವಳು ಒಂದೊಂದು ಸಾಲಿನ ಮೇಲೂ ಬೆರಳಾಡಿಸಿ ಸರಿಯಿದೆ ಎಂದಳು.

ಸೋಮವಾರ ಎಂಟೂವರೆಗೇ ಶಾಲೆಗೆ ತಲುಪಿಸಿದೆವು. ಸಂಜೆ ಚಿನಕುರುಳಿ ಮನೆಗೆ ಬಂದಳು. ಮುಖ ನೋಡಿದರೆ ನಮಗೇನೂ ಗೊತ್ತಾಗಲಿಲ್ಲ.

"ಒಂಬತ್ತನೇ ಪ್ರಶ್ನೆ ತಪ್ಪಾಯ್ತು ಮಿಸ್," ಎಂದಳು. "ಆದ್ರೆ ನಾನೇ ಓದಿ, ನಾನೇ ತಪ್ಪು ಮಾಡಿದೆ."

ಹೆಂಡತಿ ಅವಳನ್ನು ಅಪ್ಪಿಕೊಂಡಳು. ನನ್ನ ಕನ್ನಡಕಕ್ಕೆ ಯಾಕೋ ಆವಿ ಹಿಡಿಯಿತು, ಒರೆಸಿಕೊಂಡೆ.

ಮರುದಿನ ನೋಡಿದರೆ ಕಂಪ್ಯೂಟರಿನ ಗುಂಡಿಯ ಮೇಲೆ ಒಂದು ಬ್ರೈಲ್ ಪಟ್ಟಿ ಅಂಟಿತ್ತು. ಹೆಂಡತಿಯ ಕೆಲಸ. ನನ್ನ ಬಗ್ಗೆ ಏನಾದರೂ ಮೆಚ್ಚುಗೆಯ ಮಾತಿರಬಹುದೆಂದು ಚಿನಕುರುಳಿಯನ್ನು ಕರೆದು ಓದಿಸಿದೆ. ಅವಳು ಬೆರಳಾಡಿಸಿ ಕಿಸಕ್ಕನೆ ನಕ್ಕಳು. ಏನಂತ ಬರೆದಿದೆಯಮ್ಮಾ ಎಂದೆ.

"ಅಂಕಲ್‌ಗೆ ಹೇಳಬಾರದು ಅಂತಾನೂ ಇದರಲ್ಲೇ ಬರೆದಿದೆ ಅಂಕಲ್," ಎಂದಳು.

ಆಗ ಹೊಸ ಪ್ರತಿಜ್ಞೆ ಮಾಡಿದೆ. ಬ್ರೈಲ್ ಕಲಿತೇ ತೀರುತ್ತೇನೆ! ಗುರು ಚಿನಕುರುಳಿ, ವಾರಕ್ಕೆ ಮೂರು ಪಾಠ, ತಪ್ಪಿದರೆ ಬೆರಳಿಗೆ ಒಂದು ಏಟು. ಎರಡು ತಿಂಗಳು ಚುಕ್ಕಿ ತಡವಿ ತಡವಿ ಅಂತೂ ಅಕ್ಷರಗಳು ಕೈಗೆ ಹತ್ತಿದವು. ನಿನ್ನೆ ಬೆಳಿಗ್ಗೆ ಯಾರೂ ನೋಡುತ್ತಿಲ್ಲ ಅಂದುಕೊಂಡು ಪಟ್ಟಿಯ ಮೇಲೆ ಬೆರಳಿಟ್ಟೆ. 'ಒತ್ತುವ ಮುಂಚೆ ಇವರು ನನ್ನನ್ನು' ಎಂಬಲ್ಲಿಯವರೆಗೆ ಓದಿದೆ. ಅಷ್ಟರಲ್ಲಿ ಅಂಗಡಿಗೆ ಹೊತ್ತಾಯಿತು, ಉಳಿದದ್ದನ್ನು ಸಂಜೆ ನೋಡೋಣ ಅಂತ ಹೋದೆ.

ಸಂಜೆ ಬಂದು ಬೆರಳಿಟ್ಟರೆ ಒಂದು ಪದವೂ ಅರ್ಥವಾಗಲಿಲ್ಲ. ಪಟ್ಟಿಯೇ ಬೇರೆ! ಇದೇನೇ ಅಂತ ಕೂಗಿದೆ.

"ಇನ್ನೊಂದು ಭಾಷೆಯ ಬ್ರೈಲ್ ಕಣ್ರೀ," ಎಂದಳು ಹೆಂಡತಿ ಒಳಗಿನಿಂದ. "ಹಳೇದರಲ್ಲಿ ಹುಳುಕು ಕಾಣಿಸ್ತು. ನೀವು ಓದೋಕೆ ಶುರು ಮಾಡಿದ್ರಿ. ಅದಕ್ಕೇ ಅಪ್‌ಡೇಟ್ ಮಾಡಿದೆ."